ಸರ್ಪಗಂಧದ ಎರಡನೇ ದಾರಿ

1931ರಲ್ಲಿ ಸರ್ಪಗಂಧದ ಬೇರಿನ ಬಗ್ಗೆ ನಮ್ಮ ದೇಶದಲ್ಲಿ ಎರಡು ಲೇಖನಗಳು ಅಚ್ಚಾದವು. ಮೊದಲನೆಯದು ಕಲ್ಕತ್ತೆಯದು. ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು ಈ ಬೇರು ಹುಚ್ಚಿಗೂ ಏರಿದ ರಕ್ತದೊತ್ತಡಕ್ಕೂ ಒಳ್ಳೆಯ ಮದ್ದೆಂದು ಅದರಲ್ಲಿ ಬರೆದರು. ಇನ್ನೊಂದು ದಿಲ್ಲಿಯದು. ಸಲೀಮುಝ್ಝಮಾನ್ ಸಿದ್ದೀಕಿ ಮತ್ತು ರಫತ್ ಹುಸೇನ್ ಸಿದ್ದೀಕಿ ಬರೆದ ಆ ಲೇಖನ ಇಂಡಿಯನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಅದರಲ್ಲಿ ಬೇರಿನಿಂದ ತೆಗೆದ ಹರಳುಗಳ ವಿವರ ಇತ್ತು, ಒಂದಿಷ್ಟು ಕಪ್ಪೆಗಳ ಮೇಲೆ ಅವುಗಳನ್ನು ಪ್ರಯೋಗಿಸಿ ನೋಡಿದ ಟಿಪ್ಪಣಿಯಿತ್ತು.

ಕಲ್ಕತ್ತೆಯ ದಾರಿ ಜಗತ್ತಿಗೆಲ್ಲ ಗೊತ್ತಾಯಿತು. ಮುಂಬಯಿಯ ಹೃದ್ರೋಗತಜ್ಞ ರುಸ್ತುಂ ಜಾಲ್ ವಕೀಲರು 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಸರ್ಪಗಂಧ ರಕ್ತದೊತ್ತಡವನ್ನು ಇಳಿಸುವ ಬಗೆಯನ್ನು ಬರೆದರು. 1952ರಲ್ಲಿ ಸ್ವಿಟ್ಸರ್ಲೆಂಡಿನ ಸೀಬಾ ಕಂಪನಿಯವರು ಅದೇ ಬೇರಿನಿಂದ ರಿಸರ್ಪಿನ್ ತೆಗೆದರು. ರಕ್ತದೊತ್ತಡದ ಚಿಕಿತ್ಸೆಯೂ ಮನೋರೋಗದ ಚಿಕಿತ್ಸೆಯೂ ಅದರಿಂದ ದಿಕ್ಕು ಬದಲಿಸಿದವು. ಸರ್ಪಗಂಧದ ಕತೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ಮುಗಿಸುತ್ತಾರೆ.

ದಿಲ್ಲಿಯ ದಾರಿ ಇದಕ್ಕಿಂತ ಉದ್ದ, ಸದ್ದೂ ಕಡಿಮೆ. ಆ ಹರಳುಗಳಲ್ಲೊಂದು ಹೃದಯದೊಳಗಿನ ವಿದ್ಯುತ್ತಿನ ಮೇಲೆ ಕೈಯಿಡುತ್ತದೆ ಎಂಬುದು ಸ್ಪಷ್ಟವಾಗಲು ಕಾಲು ಶತಮಾನ ಹಿಡಿಯಿತು. ಆ ಗುಣಕ್ಕೆ ತಕ್ಕ ಕೆಲಸ ಸಿಗಲು ಮತ್ತೆ ನಲವತ್ತು ವರ್ಷ ಬೇಕಾದವು.

ಹಕೀಮರ ಹಟ

ಸರ್ಪಗಂಧ ಮೊಣಕಾಲೆತ್ತರದ ಗಿಡ. ಒಂದೊಂದು ಗೆಣ್ಣಿನಲ್ಲಿ ಹೆಚ್ಚಾಗಿ ಮೂರು ಮೂರು ಎಲೆ, ಕೆಂಪು ತೊಟ್ಟಿನ ಬಿಳಿ ಹೂಗೊಂಚಲು, ಹಣ್ಣಾದಾಗ ನೇರಳೆಗಪ್ಪಿಗೆ ತಿರುಗುವ ಪುಟ್ಟ ಕಾಯಿ. ಮದ್ದಿನ ಸತ್ವ ಹೆಚ್ಚಾಗಿ ಬೇರಿನ ತೊಗಟೆಯಲ್ಲಿ. ಒಣಗಿದ ಬೇರು ಬೂದುಗಂದು ಬಣ್ಣದ್ದು. ಉಗುರಿನಿಂದ ಗೀರಿದರೆ ತೊಗಟೆ ಉದುರುತ್ತದೆ, ನಾಲಿಗೆಗೆ ಇಟ್ಟರೆ ಕಡು ಕಹಿ. ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿ ಇದು ಮರದ ನೆರಳಲ್ಲಿ ಬೆಳೆಯುತ್ತದೆ. ಹಾವು ಕಡಿದರೆ, ನಿದ್ದೆ ಬಾರದಿದ್ದರೆ, ಚಿತ್ತ ಕೆಟ್ಟರೆ ಇದನ್ನು ಅರೆದು ಕೊಡುವುದು ದೇಶದ ಹಲವು ಕಡೆ ರೂಢಿಯಲ್ಲಿತ್ತು. ಉತ್ತರದ ಕಡೆ ಇದಕ್ಕೆ ‘ಪಾಗಲ್ ಕೀ ದವಾ’ ಎಂದೇ ಹೆಸರು.

ದಿಲ್ಲಿಯ ಹಕೀಮ್ ಅಜ್ಮಲ್ ಖಾನರು ಯುನಾನಿ ವೈದ್ಯಕೀಯದ ದೊಡ್ಡ ಮನೆತನದವರು. 1921ರಲ್ಲಿ ಅಹಮದಾಬಾದಿನ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ದವರು. ಜಾಮಿಯಾ ಮಿಲ್ಲಿಯಾ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿ. ಕರೋಲ್ ಬಾಗಿನಲ್ಲಿ ಅವರು ಕಟ್ಟಿಸಿದ ಆಯುರ್ವೇದ ಮತ್ತು ಯುನಾನಿ ತಿಬ್ಬಿಯಾ ಕಾಲೇಜಿಗೆ 1916ರಲ್ಲಿ ವೈಸರಾಯ್ ಹಾರ್ಡಿಂಜ್ ಅಡಿಗಲ್ಲು ಹಾಕಿದರು. 1921ರಲ್ಲಿ ಅದನ್ನು ಉದ್ಘಾಟಿಸಿದವರು ಗಾಂಧೀಜಿ.

ಅಜ್ಮಲ್ ಖಾನರಿಗೆ ಒಂದು ಹಟವಿತ್ತು. ತಮ್ಮ ಮನೆತನದ ಮದ್ದುಗಳನ್ನು ಆಧುನಿಕ ರಸಾಯನವಿಜ್ಞಾನದ ಒರೆಗೆ ಹಚ್ಚಬೇಕು ಎಂಬ ಹಟ. ಒರೆಗೆ ಹಚ್ಚಿದಾಗ ಚಿನ್ನವಲ್ಲವೆಂದು ಗೊತ್ತಾದರೆ ನಷ್ಟ ಮನೆತನಕ್ಕೇ. ಆದರೂ ಅವರು ಹಿಂಜರಿಯಲಿಲ್ಲ. ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ 1927ರಲ್ಲಿ ಡಾಕ್ಟರೇಟ್ ಮುಗಿಸಿದ ಸಲೀಮುಝ್ಝಮಾನ್ ಸಿದ್ದೀಕಿಯವರನ್ನು ತಿಬ್ಬಿಯಾ ಕಾಲೇಜಿನ ಸಂಶೋಧನಾ ಸಂಸ್ಥೆಗೆ ಕರೆಸಿಕೊಂಡದ್ದು ಈ ಹಟದಿಂದಲೇ. ಸಿದ್ದೀಕಿ ರಸಾಯನವಿಜ್ಞಾನಿಯಷ್ಟೇ ಅಲ್ಲ, ಚಿತ್ರಕಾರರೂ ಹೌದು. ಫ್ರಾಂಕ್‌ಫರ್ಟಿನಲ್ಲಿ ಅವರ ಚಿತ್ರಗಳ ಪ್ರದರ್ಶನವೂ ನಡೆದಿತ್ತು.

1927ರ ಡಿಸೆಂಬರಿನಲ್ಲಿ ಹಕೀಮರು ತೀರಿಕೊಂಡರು. ಸಂಸ್ಥೆ ಇನ್ನೂ ಕಣ್ಣುಬಿಡುತ್ತಿದ್ದ ಕಾಲ ಅದು. ಆದರೂ ಸಿದ್ದೀಕಿ ಕೆಲಸ ಬಿಡಲಿಲ್ಲ.

ಬಿಳಿ ಹರಳು, ಹಳದಿ ಹರಳು

ಗಿಡಗಳಲ್ಲಿ ಸಿಗುವ, ಸಾರಜನಕವಿರುವ, ಕಹಿಯಾದ, ಮೈಮೇಲೆ ಬಲವಾದ ಪರಿಣಾಮ ತೋರುವ ರಾಸಾಯನಿಕಗಳನ್ನು ಆಲ್ಕಲಾಯ್ಡ್ ಎನ್ನುತ್ತಾರೆ. ಅಫೀಮಿನ ಮಾರ್ಫಿನ್, ಸಿಂಕೋನಾ ತೊಗಟೆಯ ಕ್ವಿನೈನ್ ಇವೇ ಜಾತಿಯವು. ಇವನ್ನು ಬೇರ್ಪಡಿಸಲು ಆ ಕಾಲದಲ್ಲಿ ಇಂದಿನಂಥ ಯಂತ್ರಗಳಿರಲಿಲ್ಲ. ಬೇರಿನ ಪುಡಿಯನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಬೇಕು, ಸೋಸಬೇಕು, ಇಂಗಿಸಬೇಕು. ಉಳಿದ ಕಂದು ಅಂಟಿಗೆ ಆಮ್ಲ ಹಾಕಿ ಕರಗಿಸಿ, ಕ್ಷಾರ ಹಾಕಿ ಮತ್ತೆ ಕೆಳಗಿಳಿಸಬೇಕು. ಹರಳುಗಟ್ಟುವ ತನಕ ಇದನ್ನೇ ಮಾಡುತ್ತಿರಬೇಕು. ಎಷ್ಟೋ ಸಲ ಕೊನೆಗೆ ಉಳಿಯುವುದು ಹರಳಾಗದ ಅಂಟೇ.

ಸಿದ್ದೀಕಿದ್ವಯರಿಗೆ ಐದು ಆಲ್ಕಲಾಯ್ಡುಗಳು ಸಿಕ್ಕವು. ಮೂರು ಬಿಳಿ, ಎರಡು ಹಳದಿ. ಬಿಳಿಯವಕ್ಕೆ ತೀರಿಹೋದ ಹಕೀಮರ ನೆನಪಿನಲ್ಲಿ ಅಜ್ಮಲೀನ್, ಅಜ್ಮಲಿನೀನ್, ಅಜ್ಮಲಿಸೀನ್ ಎಂದು ಹೆಸರಿಟ್ಟರು. ಹಳದಿಯವು ಸರ್ಪೆಂಟೈನ್ ಮತ್ತು ಸರ್ಪೆಂಟಿನೀನ್.

ಕಪ್ಪೆಗಳ ಮೇಲೆ ಇವುಗಳನ್ನು ಪ್ರಯೋಗಿಸಿದಾಗ ಎರಡು ಗುಂಪುಗಳ ಸ್ವಭಾವ ಬೇರೆ ಬೇರೆ ಎಂದು ಕಂಡಿತು. ಅಜ್ಮಲೀನ್ ಗುಂಪು ಉಸಿರಾಟ, ನರಗಳ ಜೊತೆಗೆ ಹೃದಯವನ್ನೂ ಮಂದ ಮಾಡುತ್ತಿತ್ತು. ಸರ್ಪೆಂಟೈನ್ ಗುಂಪು ಹೃದಯವನ್ನು ಕೆರಳಿಸುತ್ತಿತ್ತು. ಮುಂದೆ ನಡೆದುದಕ್ಕೆಲ್ಲ ಸುಳಿವು ಅಂದಿನ ಈ ಟಿಪ್ಪಣಿಯಲ್ಲೇ ಇತ್ತು. ಆದರೆ ಆಗ ಎಲ್ಲರೂ ಹುಡುಕುತ್ತಿದ್ದದ್ದು ನಿದ್ದೆ ತರುವ, ಚಿತ್ತ ಶಾಂತಗೊಳಿಸುವ ಸತ್ವವನ್ನು. ಈ ಅಂದದ ಹರಳುಗಳಲ್ಲಿ ಅದು ಇರಲಿಲ್ಲ. ಅದಿದ್ದದ್ದು ಹರಳಾಗದ ಅಂಟಿನ ಭಾಗದಲ್ಲಿ. ಸೀಬಾದವರು ರಿಸರ್ಪಿನ್ ತೆಗೆದದ್ದೂ ಆ ಭಾಗದಿಂದಲೇ. ಹೀಗಾಗಿ ಅಜ್ಮಲೀನ್ ಕೆಲಸಕ್ಕೆ ಬಾರದ ಹರಳಾಗಿ ಸೀಸೆಯಲ್ಲಿ ಕುಳಿತಿತು.

ಡಚ್ ವ್ಯಾಪಾರಿಯ ಸವಾಲು

ಗಿಡದ ಕಹಿ ಸತ್ವವೊಂದು ಎದೆಬಡಿತದ ಲಯವನ್ನು ತಿದ್ದಬಹುದು ಎಂಬ ತಿಳಿವು ಅಷ್ಟರಲ್ಲಿ ಯುರೋಪಿನಲ್ಲಿ ಇತ್ತು. ಅದು ಬಂದದ್ದೂ ಒಬ್ಬ ರೋಗಿಯಿಂದ. 1912ರಲ್ಲಿ ಡಚ್ ವ್ಯಾಪಾರಿಯೊಬ್ಬ ಲಯ ತಪ್ಪಿದ ನಾಡಿಯೊಂದಿಗೆ ಹೃದ್ರೋಗತಜ್ಞ ಕಾರೆಲ್ ವೆಂಕೆಬಾಕ್ ಅವರ ಬಳಿ ಬಂದ. ಇದಕ್ಕೆ ಮದ್ದಿಲ್ಲ ಎಂದರು ವೈದ್ಯರು. ಮದ್ದು ತನಗೆ ಗೊತ್ತಿದೆ ಎಂದು ಹೇಳಿ ಹೋದವನು ಮರುದಿನ ನೆಟ್ಟಗಿನ ನಾಡಿಯೊಂದಿಗೆ ಬಂದು ನಿಂತ. ಮಲೇರಿಯಾದ ಸೀಮೆಗಳಲ್ಲಿ ವ್ಯಾಪಾರ ಮಾಡಿದವನು. ಒಂದು ಗ್ರಾಂ ಕ್ವಿನೈನ್ ನುಂಗಿದರೆ ಬಡಿತ ಸರಿಹೋಗುವುದನ್ನು ತಾನೇ ಕಂಡುಕೊಂಡಿದ್ದ. 1918ರಲ್ಲಿ ವೈದ್ಯ ವಾಲ್ಟರ್ ಫ್ರೈ ಸಿಂಕೋನಾದ ಆಲ್ಕಲಾಯ್ಡುಗಳನ್ನು ಒಂದರ ಪಕ್ಕ ಒಂದಿಟ್ಟು ಪರೀಕ್ಷಿಸಿದರು. ಕ್ವಿನೈನಿನ ಅವಳಿಯಂತಿರುವ ಕ್ವಿನಿಡಿನ್ ಎಲ್ಲಕ್ಕಿಂತ ಮೇಲು ಎಂದು ತಿಳಿಯಿತು.

ಅಲ್ಲಿಂದಾಚೆಗೆ ಲಯ ತಿದ್ದುವ ಯಾವ ಹೊಸ ಔಷಧಿಗೂ ಕ್ವಿನಿಡಿನ್ನೇ ಅಳತೆಗೋಲು. 1956ರಲ್ಲಿ ಭಾರತದ ಆರ್. ಬಿ. ಅರೋರಾ ಮತ್ತು ಬಿ. ಆರ್. ಮದನ್ ಪ್ರಾಣಿಗಳ ಹೃದಯದಲ್ಲಿ ಬೇಕೆಂದೇ ಲಯ ಕೆಡಿಸಿ, ಅಜ್ಮಲೀನ್ ಕೊಟ್ಟು ನೋಡಿದರು. ಅದೂ ಕ್ವಿನಿಡಿನ್ ಮಾಡುವ ಕೆಲಸವನ್ನೇ ಮಾಡಿತು. ಮೂರು ವರ್ಷಗಳ ನಂತರ ಜರ್ಮನಿಯ ವೈದ್ಯ ಕ್ಲೈನ್‌ಸೋರ್ಗೆ ರೋಗಿಗಳ ಮೇಲೆ ಅಜ್ಮಲೀನ್ ಪ್ರಯೋಗಿಸಿದ ವರದಿ ಪ್ರಕಟಿಸಿದರು. ಆ ದೇಶದಲ್ಲಿ ಅದು ಗಿಲುರಿಟ್ಮಾಲ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂತು. ಇಷ್ಟರೊಳಗೆ ರಾಬರ್ಟ್ ರಾಬಿನ್ಸನ್, ಆರ್. ಬಿ. ವುಡ್‌ವರ್ಡ್‌ರಂಥ ಘಟಾನುಘಟಿಗಳು ಅದರ ರಚನೆಯ ಒಗಟನ್ನು ಬಿಡಿಸಿದ್ದರು. ಇಪ್ಪತ್ತು ಇಂಗಾಲದ ಪರಮಾಣುಗಳು, ಒಂದಕ್ಕೊಂದು ಹೆಣೆದುಕೊಂಡ ಆರು ಉಂಗುರಗಳು. ಪ್ರಯೋಗಾಲಯದಲ್ಲಿ ಪೂರ್ತಿಯಾಗಿ ಕಟ್ಟಲು 1967ರ ತನಕ ಯಾರಿಗೂ ಆಗಲಿಲ್ಲ.

ಒಂದು ಮಿಲಿಸೆಕೆಂಡಿನ ಬಾಗಿಲು

ಅಜ್ಮಲೀನ್ ಮಾಡುವುದೇನು? ಹೃದಯದ ಪ್ರತಿ ಬಡಿತಕ್ಕೂ ಮುಂಚೆ ಒಂದು ವಿದ್ಯುತ್ ಅಲೆ ಹಾಯುತ್ತದೆ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಹುಟ್ಟಿ, ನಡುವೆ ಕ್ಷಣಕಾಲ ತಡೆದು, ಕೆಳಗಿನ ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ವಿಶ್ರಾಂತಿಯಲ್ಲಿರುವ ಹೃದಯದ ಜೀವಕೋಶದ ಒಳಮೈ ಹೊರಮೈಗಿಂತ ಸುಮಾರು 90 ಮಿಲಿವೋಲ್ಟ್‌ನಷ್ಟು ಋಣದಲ್ಲಿರುತ್ತದೆ. ಅಲೆ ಬಂದಾಗ ಕೋಶದ ಪೊರೆಯಲ್ಲಿರುವ ಸೋಡಿಯಂ ಬಾಗಿಲುಗಳು ತೆರೆಯುತ್ತವೆ. ಅವು ತೆರೆದಿರುವುದು ಒಂದು ಮಿಲಿಸೆಕೆಂಡಿನ ಆಸುಪಾಸು. ಅಷ್ಟರಲ್ಲೇ ಸೋಡಿಯಂ ಒಳನುಗ್ಗಿ ಕೋಶದ ಒಳಮೈ ಧನಕ್ಕೆ ಏರುತ್ತದೆ, ಅಲೆ ಪಕ್ಕದ ಕೋಶಕ್ಕೆ ದಾಟುತ್ತದೆ.

ಅಜ್ಮಲೀನ್ ಈ ಬಾಗಿಲುಗಳಿಗೆ ಅಡ್ಡ ನಿಲ್ಲುತ್ತದೆ. ಪೊಟ್ಯಾಸಿಯಂ ಹೊರಹೋಗುವ ದಾರಿಗಳನ್ನೂ ಅಷ್ಟಿಷ್ಟು ತಡೆಯುತ್ತದೆ. ಅಲೆಯ ಓಟ ನಿಧಾನವಾಗುತ್ತದೆ, ಇಸಿಜಿಯಲ್ಲಿ ಹೃತ್ಕುಕ್ಷಿಯ ಚೂಪಾದ ಗೆರೆ ಅಗಲವಾಗುತ್ತದೆ. ಸುತ್ತಿ ಸುತ್ತಿ ಓಡುತ್ತ ಲಯ ಕೆಡಿಸುವ ಅಲೆಗಳು ಈ ನಿಧಾನದಲ್ಲಿ ನಂದಿಹೋಗಬಹುದು. 1931ರಲ್ಲಿ ಕಪ್ಪೆಯ ಹೃದಯ ಮಂದವಾದದ್ದು ಇಂಥ ಕಾರಣದಿಂದಲೇ ಇರಬಹುದು. ಶಿರೆಗೆ ಚುಚ್ಚಿದರೆ ಪರಿಣಾಮ ಒಡನೆಯೇ ಕಾಣುತ್ತದೆ, ನಿಮಿಷಗಳಲ್ಲಿ ಇಳಿಯತೊಡಗುತ್ತದೆ.

ಔಷಧಿಯಾಗಿ ಇದು ತೊಡಕಿನ ಗುಣ. ದಿನಕ್ಕೆ ಎಷ್ಟು ಸಲ ಚುಚ್ಚಿಸಿಕೊಳ್ಳುವುದು? ಆದರೆ ಪರೀಕ್ಷೆಗೆ ಹೇಳಿ ಮಾಡಿಸಿದ ಗುಣ. ನೆದರ್ಲೆಂಡ್ಸಿನ ಹೈನ್ ವೆಲ್ಲೆನ್ಸ್ ಇದನ್ನು ಮನಗಂಡವರಲ್ಲಿ ಒಬ್ಬರು. ಕೆಲವರ ಹೃದಯದಲ್ಲಿ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಹುಟ್ಟಿನಿಂದಲೇ ಒಂದು ಅಡ್ಡದಾರಿ ಇರುತ್ತದೆ. ವುಲ್ಫ್-ಪಾರ್ಕಿನ್ಸನ್-ವೈಟ್ ತೊಂದರೆ ಎಂದು ಅದಕ್ಕೆ ಹೆಸರು. ಅಜ್ಮಲೀನ್ ಚುಚ್ಚಿದಾಗ ಆ ಅಡ್ಡದಾರಿ ಮುಚ್ಚಿಕೊಂಡರೆ ಅಪಾಯ ಕಡಿಮೆ. ಮುಚ್ಚದೆ ಉಳಿದರೆ ಅದರ ಮೇಲೆ ನಿಗಾ ಬೇಕು. ವೆಲ್ಲೆನ್ಸ್ ಮತ್ತು ಸಂಗಡಿಗರು 1980ರಲ್ಲಿ ಇದನ್ನು ಪ್ರಕಟಿಸಿದರು.

ಅದೇ ದಶಕದ ಕೊನೆಗೆ ಸೋಡಿಯಂ ತಡೆಯುವ ಔಷಧಿಗಳ ಗ್ರಹಚಾರ ಕೆಟ್ಟಿತು. ಅಮೆರಿಕದಲ್ಲಿ ನಡೆದ ಕಾಸ್ಟ್ ಎಂಬ ಅಧ್ಯಯನದಲ್ಲಿ, ಹೃದಯಾಘಾತದಿಂದ ಬದುಕುಳಿದವರಿಗೆ ಲಯ ಸರಿಪಡಿಸಲೆಂದು ಕೊಟ್ಟ ಎನ್ಕೈನೈಡ್, ಫ್ಲೆಕೈನೈಡ್‌ಗಳಿಂದ ಸಾವು ಹೆಚ್ಚಿದ್ದು 1989ರಲ್ಲಿ ಬೆಳಕಿಗೆ ಬಂತು. ಲಯ ತಿದ್ದಬೇಕಾದ ಮದ್ದೇ ಲಯ ಕೆಡಿಸಬಲ್ಲದು ಎಂಬುದು ಎಲ್ಲರಿಗೂ ಖಚಿತವಾಯಿತು. ಅಜ್ಮಲೀನ್ ಆ ಅಧ್ಯಯನದಲ್ಲಿ ಇರಲಿಲ್ಲ. ಆದರೂ ಅದರ ಬಂಧುಗಳಿಗೆಲ್ಲ ಆ ಬಿಸಿ ತಟ್ಟಿತು.

ಪೋಲೆಂಡಿನ ಹುಡುಗ

ವೆಲ್ಲೆನ್ಸ್ ಅವರಿದ್ದ ಮಾಸ್ಟ್ರಿಕ್ಟ್ ಊರಿನ ಆಸ್ಪತ್ರೆಯಲ್ಲಿ ಪೆಡ್ರೋ ಬ್ರುಗಾಡ ಎಂಬ ಸ್ಪೇನ್ ಮೂಲದ ವೈದ್ಯರಿದ್ದರು. 1986ರಲ್ಲಿ ಪೋಲೆಂಡಿನ ತಂದೆಯೊಬ್ಬ ತನ್ನ ಮೂರು ವರ್ಷದ ಮಗನನ್ನು ಅಲ್ಲಿಗೆ ಕರೆತಂದ. ಹುಡುಗ ಮತ್ತೆ ಮತ್ತೆ ಪ್ರಜ್ಞೆ ತಪ್ಪಿ ಬೀಳುತ್ತಿದ್ದ. ತಂದೆಯೇ ಎದೆಯೊತ್ತಿ ಉಸಿರು ಕೊಟ್ಟು ಹಲವು ಸಲ ಉಳಿಸಿಕೊಂಡಿದ್ದ. ಹುಡುಗನ ಅಕ್ಕ ಇದೇ ರೀತಿ ಬಿದ್ದು ಎಳವೆಯಲ್ಲೇ ತೀರಿಕೊಂಡಿದ್ದಳು. ಇಬ್ಬರ ಇಸಿಜಿಯನ್ನೂ ಪಕ್ಕಪಕ್ಕ ಇಟ್ಟಾಗ ಒಂದೇ ವಿಚಿತ್ರ ಕಂಡಿತು. ಎದೆಯ ಬಲಭಾಗದ ಗೆರೆಗಳು ಬಡಿತ ಮುಗಿದ ಮೇಲೆ ನೆಲಕ್ಕೆ ಇಳಿಯುವ ಬದಲು ಮೇಲೆಯೇ ನಿಂತು, ಗೂನುಬೆನ್ನಿನಂತೆ ಬಾಗಿ, ಇಳಿಜಾರಿನಲ್ಲಿ ಕೆಳಗೆ ಬರುತ್ತಿದ್ದವು. ಹೃದಯದ ಕಟ್ಟಡದಲ್ಲಿ ಮಾತ್ರ ಯಾವ ದೋಷವೂ ಕಾಣಲಿಲ್ಲ.

ಇಂಥದೇ ಇನ್ನಷ್ಟು ರೋಗಿಗಳಿಗಾಗಿ ಕಾದು, 1992ರಲ್ಲಿ ಪೆಡ್ರೋ ಮತ್ತು ಅವರ ತಮ್ಮ ಜೋಸೆಪ್ ಎಂಟು ಜನರ ವಿವರ ಪ್ರಕಟಿಸಿದರು. ಇಟಲಿಯ ಪಾದುವಾದ ವೈದ್ಯರೂ 1980ರ ದಶಕದ ಕೊನೆಯಲ್ಲಿ ಇದನ್ನು ಹೋಲುವ ಇಸಿಜಿಗಳ ಬಗ್ಗೆ ಬರೆದಿದ್ದರು. ಆದರೆ ಹೆಸರು ನಿಂತದ್ದು ಬ್ರುಗಾಡ ಸಿಂಡ್ರೋಮ್ ಎಂದು. ಗಟ್ಟಿಮುಟ್ಟಾದ ಗಂಡಸರು ರಾತ್ರಿ ನಿದ್ದೆಯಲ್ಲೇ ಸಾಯುವುದಕ್ಕೆ ಫಿಲಿಪ್ಪೀನ್ಸಿನಲ್ಲಿ ಬಾಂಗುಂಗೊತ್ ಎಂದೂ, ಥಾಯ್ಲೆಂಡಿನಲ್ಲಿ ಲಾಯ್ ತಾಯ್ ಎಂದೂ, ಜಪಾನಿನಲ್ಲಿ ಪೊಕ್ಕುರಿ ಎಂದೂ ಹೇಳುತ್ತಿದ್ದರು. ಆ ಸಾವುಗಳಲ್ಲಿ ಹಲವಕ್ಕೆ ಇದೇ ಕಾರಣ ಎಂಬುದು ಬರಬರುತ್ತ ತಿಳಿಯಿತು.

ಒಂದು ಕಷ್ಟ ಉಳಿದಿತ್ತು. ಈ ಗೂನು ಯಾವಾಗಲೂ ಕಾಣುವುದಿಲ್ಲ. ಇಂದು ಇದ್ದದ್ದು ನಾಳೆ ಮಾಯ. ಜ್ವರ ಬಂದಾಗ ಮತ್ತೆ ಪ್ರತ್ಯಕ್ಷ. ಅಣ್ಣ ಸತ್ತಿದ್ದಾನೆ, ತಮ್ಮನ ಇಸಿಜಿ ಚೆನ್ನಾಗಿದೆ. ಆತನಿಗೆ ಏನು ಹೇಳಿ ಮನೆಗೆ ಕಳಿಸುವುದು?

ಉತ್ತರಕ್ಕೆ ದಾರಿ ಎರಡು ಕಡೆಯಿಂದ ತೆರೆಯಿತು. 1996ರಲ್ಲಿ ಜಪಾನಿನ ಮಿಯಾಝಾಕಿ ಮತ್ತು ಸಂಗಡಿಗರು, ಸೋಡಿಯಂ ತಡೆಯುವ ಔಷಧಿ ಕೊಟ್ಟರೆ ಈ ರೋಗಿಗಳ ಇಸಿಜಿಯ ಗೂನು ಇನ್ನೂ ಎತ್ತರವಾಗುವುದನ್ನು ತೋರಿಸಿದರು. 1998ರಲ್ಲಿ ರೋಗದ ಮೂಲವೊಂದು ಸಿಕ್ಕಿತು: ಎಸ್‌ಸಿಎನ್5ಎ ಎಂಬ ಜೀನ್. ಹೃದಯದ ಸೋಡಿಯಂ ಬಾಗಿಲನ್ನು ಕಟ್ಟುವ ನಕ್ಷೆಯೇ ಅದು. ನಕ್ಷೆಯಲ್ಲಿ ದೋಷವಿದ್ದವರಿಗೆ ಬಾಗಿಲುಗಳು ಮೊದಲೇ ಕೊರತೆ. ಹಾಗೂ ಹೀಗೂ ತೂಗಿಸಿಕೊಂಡು ಹೋಗುವ ಸಂಸಾರದ ಬಡತನ ಒಂದು ತಿಂಗಳ ಸಂಬಳ ತಡವಾದಾಗ ಬೀದಿಗೆ ಬೀಳುವಂತೆ, ಇದ್ದ ಬಾಗಿಲುಗಳಲ್ಲೂ ಕೆಲವನ್ನು ತುಸು ಹೊತ್ತು ಮುಚ್ಚಿದರೆ ಮರೆಯಲ್ಲಿದ್ದ ಕೊರತೆ ಇಸಿಜಿಯ ಮೇಲೆ ಬಂದು ನಿಲ್ಲುತ್ತದೆ. 2000ದಲ್ಲಿ ಬ್ರುಗಾಡ ಸೋದರರು ಅಜ್ಮಲೀನ್, ಫ್ಲೆಕೈನೈಡ್, ಪ್ರೊಕೈನಮೈಡ್‌ಗಳನ್ನು ಇದಕ್ಕೆ ಬಳಸಿದ ಫಲಿತಾಂಶ ಪ್ರಕಟಿಸಿದರು. ಬೇಗ ಏರಿ ಬೇಗ ಇಳಿಯುವ ಅಜ್ಮಲೀನ್ ಯುರೋಪಿನಲ್ಲಿ ಈ ಕೆಲಸಕ್ಕೆ ಮೊದಲ ಆಯ್ಕೆಯಾಯಿತು.

ಪರೀಕ್ಷೆಯ ಹತ್ತು ನಿಮಿಷ

ಪರೀಕ್ಷೆ ನಡೆಯುವುದು ಹೀಗೆ. ಇಸಿಜಿಯ ಬಲಭಾಗದ ಬಿಲ್ಲೆಗಳನ್ನು ಎಂದಿನ ಜಾಗದಲ್ಲಷ್ಟೇ ಅಲ್ಲದೆ, ಪಕ್ಕೆಲುಬುಗಳ ಎರಡನೆಯ, ಮೂರನೆಯ ಸಂದಿಗಳಲ್ಲೂ ಅಂಟಿಸುತ್ತಾರೆ. ಬಲ ಹೃತ್ಕುಕ್ಷಿಯಿಂದ ಶ್ವಾಸಕೋಶದ ಕಡೆ ರಕ್ತ ಹೊರಡುವ ಜಾಗ ಅದರ ಕೆಳಗೇ ಇದೆ, ತೊಂದರೆಯ ತವರೂ ಅಲ್ಲೇ. ಶಾಕ್ ಕೊಡುವ ಡಿಫಿಬ್ರಿಲೇಟರನ್ನು ಮಗ್ಗುಲಲ್ಲೇ ಸಿದ್ಧ ಮಾಡಿ ಇಡುತ್ತಾರೆ. ಮೈತೂಕದ ಪ್ರತಿ ಕಿಲೋಗೆ 1 ಮಿಲಿಗ್ರಾಂ ಲೆಕ್ಕ. 60 ಕಿಲೋ ತೂಗುವವರಿಗೆ 60 ಮಿಲಿಗ್ರಾಂ. ಅದನ್ನೂ ಒಮ್ಮೆಲೇ ಕೊಡುವುದಿಲ್ಲ. ಒಂದು ಪದ್ಧತಿಯಲ್ಲಿ ಎರಡು ನಿಮಿಷಕ್ಕೊಮ್ಮೆ 10 ಮಿಲಿಗ್ರಾಂ ಶಿರೆಗೆ ಹೋಗುತ್ತದೆ. ಪ್ರತಿ ಸಲವೂ ಇಸಿಜಿ ಹಾಳೆ ಹೊರಬರುತ್ತದೆ. ಗೆರೆ ಕನಿಷ್ಠ 2 ಮಿಲಿಮೀಟರ್ ಎದ್ದು, ಗೂನಾಗಿ ಇಳಿದು, ಕೊನೆಗೆ ತಲೆಕೆಳಗಾದರೆ ಉತ್ತರ ಸಿಕ್ಕಂತೆ, ಸೂಜಿ ನಿಲ್ಲಿಸುತ್ತಾರೆ. ಗೆರೆ ಅತಿಯಾಗಿ ಅಗಲವಾದರೂ, ನಡುವೆ ಬೇಡದ ಬಡಿತಗಳು ಕಾಣಿಸಿಕೊಂಡರೂ ನಿಲ್ಲಿಸಬೇಕು. ಅಪರೂಪಕ್ಕೆ ಹೃತ್ಕುಕ್ಷಿ ಅದುರಲು ಶುರುವಾಗುವುದೂ ಉಂಟು. ಆಸ್ಪತ್ರೆಯ ಹೊರಗೆ ಈ ಪರೀಕ್ಷೆಗೆ ಅವಕಾಶವಿಲ್ಲದಿರುವುದು ಅದಕ್ಕೇ.

ಪರೀಕ್ಷೆಯಲ್ಲಿ ಸಿಕ್ಕಿಬಿದ್ದವರಿಗೆ ಮುಂದೇನು? ಅಪಾಯ ಹೆಚ್ಚಿದ್ದರೆ ಎದೆಯೊಳಗೆ ಶಾಕ್ ಯಂತ್ರ ಕೂರಿಸುತ್ತಾರೆ. ಜ್ವರ ಬಂದರೆ ಕೂಡಲೇ ಇಳಿಸಿಕೊಳ್ಳಲು, ಕೆಲವು ಔಷಧಿಗಳಿಂದ ದೂರವಿರಲು ಹೇಳುತ್ತಾರೆ. ಪದೇ ಪದೇ ಲಯ ತಪ್ಪುವ ಕೆಲವರಿಗೆ ಗುಳಿಗೆಯನ್ನೂ ಕೊಡುತ್ತಾರೆ, ಅದು ಡಚ್ ವ್ಯಾಪಾರಿಯ ಕಾಲದ ಕ್ವಿನಿಡಿನ್. ಅಜ್ಮಲೀನಿನ ಹಾಗೆ ಅದೂ ಸೋಡಿಯಂ ತಡೆಯುವುದೇ. ಆದರೆ ಪೊಟ್ಯಾಸಿಯಂ ಹೊರಹರಿಯುವ ಒಂದು ದಾರಿಯನ್ನು ಅದು ಬಲವಾಗಿ ಮುಚ್ಚುವುದರಿಂದ, ಇದೇ ರೋಗದಲ್ಲಿ ಕಾಪಾಡುವ ಕಡೆ ನಿಲ್ಲುತ್ತದೆ. ಒಂದು ಗಿಡದ ಸತ್ವ ರೋಗವನ್ನು ಬಯಲಿಗೆಳೆದರೆ ಇನ್ನೊಂದು ಗಿಡದ್ದು ತಡೆಯುತ್ತದೆ.

ಬೇರಿಗೆ ಗೊತ್ತಿಲ್ಲದ ಉತ್ತರ

ಈ ಕತೆ ಹೇಳುವಾಗ ಎರಡು ತಪ್ಪು ಮಾಡುವುದು ಸುಲಭ. ಹೃದಯದ ವಿದ್ಯುತ್ತನ್ನೂ ನಮ್ಮ ಹಿರಿಯರು ಬಲ್ಲವರಾಗಿದ್ದರು ಎನ್ನುವುದು ಒಂದು. ಸರ್ಪಗಂಧದ ಪರಂಪರೆಯ ಬಳಕೆ ನಿದ್ದೆಗೆ, ಚಿತ್ತಕ್ಕೆ, ಹಾವಿನ ವಿಷಕ್ಕೆ. ಅಜ್ಮಲೀನಿನ ಗುಣ ಕಂಡದ್ದು ಅದನ್ನು ಮಿಕ್ಕ ಸತ್ವಗಳಿಂದ ಬಿಡಿಸಿ, ಅಳೆದು, ಬೇರೆಯೇ ಪ್ರಶ್ನೆ ಕೇಳಿದ ಮೇಲೆ. ಇಡೀ ಬೇರಿನಲ್ಲಿ ರಿಸರ್ಪಿನ್‌ನಿಂದ ಹಿಡಿದು ಹತ್ತಾರು ಆಲ್ಕಲಾಯ್ಡುಗಳು ಒಟ್ಟಿಗೆ ಇರುತ್ತವೆ. ಎದೆ ಡವಗುಟ್ಟುತ್ತದೆ ಎಂದು ಸರ್ಪಗಂಧದ ಪುಡಿ ನುಂಗುವುದಕ್ಕೆ ಈ ಕತೆಯಲ್ಲಿ ಯಾವ ಆಧಾರವೂ ಇಲ್ಲ; ಬ್ರುಗಾಡ ತೊಂದರೆಯುಳ್ಳವರು ದೂರವಿಡಬೇಕಾದ ಔಷಧಿಗಳ ಪಟ್ಟಿಯಲ್ಲಿ ಅಜ್ಮಲೀನ್ ಹೆಸರೇ ಇದೆ.

ಇನ್ನೊಂದು ತಪ್ಪು, ಎಲ್ಲವೂ ಪ್ರಯೋಗಾಲಯದ್ದೇ ಪ್ರತಾಪ ಎನ್ನುವುದು. ಸಾವಿರಾರು ಗಿಡಗಳಿರುವ ಕಾಡಿನಲ್ಲಿ ಈ ಬೇರಿನ ಕಡೆ ಬೊಟ್ಟು ಮಾಡಿದ್ದು ಪರಂಪರೆ. ಆ ಬೇರನ್ನು ಪರೀಕ್ಷೆಗೆ ಒಡ್ಡುವ ಧೈರ್ಯವೂ ಬಂದದ್ದು ಪರಂಪರೆಯ ಒಳಗಿನಿಂದಲೇ, ಒಬ್ಬ ಹಕೀಮರಿಂದ. ಸಿದ್ದೀಕಿ 1951ರಲ್ಲಿ ಪಾಕಿಸ್ತಾನಕ್ಕೆ ಹೋದರು, ಅಲ್ಲಿನ ವಿಜ್ಞಾನ ಸಂಸ್ಥೆಗಳನ್ನು ಕಟ್ಟಿದರು, 1961ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. 1994ರಲ್ಲಿ ಕರಾಚಿಯಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಬ್ರುಗಾಡ ಸೋದರರ ಲೇಖನ ಬಂದು ಎರಡು ವರ್ಷವಾಗಿತ್ತು. ಅಜ್ಮಲೀನಿನ ಹೊಸ ಕೆಲಸ ಇನ್ನೂ ಶುರುವಾಗಬೇಕಿತ್ತು.

ರಿಸರ್ಪಿನ್ ಹೆಸರುವಾಸಿಯಾದಂತೆ ಕಾಡಿನ ಸರ್ಪಗಂಧಕ್ಕೆ ಸಂಚಕಾರ ಬಂತು. ಬೇರಿಗಾಗಿ ಗಿಡವನ್ನೇ ಕಿತ್ತರೆ ಉಳಿಯುವುದೇನು? 1990ರಿಂದ ಅದು ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟ್ಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ.

ಅಜ್ಮಲೀನಿನ ವಿಚಾರಣೆಯೂ ಮುಗಿದಿಲ್ಲ. ಇಸಿಜಿಯ ಆ ಗೂನು ಏಳುವುದು ಅಲೆ ತಡವಾಗಿ ಹರಡುವುದರಿಂದಲೋ, ಕೋಶಗಳು ಮರಳಿ ವಿಶ್ರಾಂತಿಗೆ ಬರುವ ಕ್ರಮ ಕೆಡುವುದರಿಂದಲೋ ಎಂಬ ವಾದ ಇನ್ನೂ ನಡೆಯುತ್ತಿದೆ. ಎಸ್‌ಸಿಎನ್5ಎ ದೋಷ ಸಿಗುವುದು ನೂರು ರೋಗಿಗಳಲ್ಲಿ ಇಪ್ಪತ್ತು ಮೂವತ್ತು ಜನರಲ್ಲಿ ಮಾತ್ರ. ಇತ್ತ, ಯಾವ ತೊಂದರೆಯೂ ಇಲ್ಲದ, ಮನೆತನದಲ್ಲಿ ಹಠಾತ್ ಸಾವಿನ ಚರಿತ್ರೆಯೂ ಇಲ್ಲದ ಕೆಲವರಲ್ಲಿ ಅಜ್ಮಲೀನ್ ಆ ಗೂನನ್ನು ಎಬ್ಬಿಸಿಬಿಡುತ್ತದೆ. ಅಂಥವರ ಎದೆಯಲ್ಲಿ ಯಂತ್ರ ಕೂರಿಸುವುದು ಅನ್ಯಾಯ, ಸುಮ್ಮನೆ ಕಳಿಸಲು ವೈದ್ಯರಿಗೆ ಅಳುಕು. ಹಾಗಾಗಿ ಔಷಧಿ ಚುಚ್ಚಿದಾಗ ಮಾತ್ರ ಕಾಣುವ ಗೂನಿಗೆ, ತಾನಾಗಿಯೇ ಕಾಣುವ ಗೂನಿನಷ್ಟು ತೂಕ ಕೊಡಬಾರದು ಎಂಬ ನಿಲುವಿಗೆ ತಜ್ಞರು ಬಂದಿದ್ದಾರೆ. ಯಾರಿಗೆ ಪರೀಕ್ಷೆ ಮಾಡಬೇಕು ಎಂಬುದನ್ನು ಮೊದಲು ನಿರ್ಧರಿಸಿ, ಸೂಜಿಯನ್ನು ಆಮೇಲೆ ಕೈಗೆತ್ತಿಕೊಳ್ಳುವುದು ಈಗಿನ ರೂಢಿ.